‘ಮುಟ್ಟಬೇಡಿ’ ಎಂಬ ಸಾಲು

ಮಾರ್ಚ್ 3, ಮಂಗಳವಾರ
ಮತ್ತೆ ರಿವ್ಯೂ ರಾಶಿ, ಬೇರೆಯವರು ಕೋಡಿನಲ್ಲಿ ಮಾಡಿದ ಬದಲಾವಣೆಗಳು. ಸಣ್ಣಪುಟ್ಟವನ್ನು ಓದಿ ಒಪ್ಪಿದ್ದಾಯಿತು. ಕೊನೆಯದು ಹೊಸ ಹುಡುಗಿಯದು. ಹ್ಯಾಶ್ ಫೈಲ್ — ಡೇಟಾದ ಬೆರಳಚ್ಚು ತೆಗೆಯುವ ಕೋಡ್, ನನ್ನ ಕೂಸು. ಚಿಪ್ಪಿನ ಆದೇಶಗಳನ್ನು ಅಂಕಿಗಳಲ್ಲಿ ಕೂರಿಸಲು ನಾನೇ ಕಟ್ಟಿದ ಮ್ಯಾಕ್ರೋಗಳನ್ನೆಲ್ಲ ಕಿತ್ತು ಹಾಕಿದ್ದಾಳೆ! ನಾನೂರು ಸಾಲು ಅರವತ್ತಾಗಿದೆ.

ಮೇಲ್ಗಡೆಯೇ ಬರೆದಿದ್ದೆ: ಮುಟ್ಟಬೇಡಿ. ಎಂಟು ವರ್ಷ ಯಾರೂ ಮುಟ್ಟಿರಲಿಲ್ಲ. ಉತ್ತರ ಬರೆಯಲಿಲ್ಲ. ತಲೆ ಬಿಸಿಯಾದಾಗ ಬರೆಯಬಾರದು.

ಮಾರ್ಚ್ 4
ಬೆಳಿಗ್ಗೆಯೇ ಮೇಜಿನ ಬಳಿ ಬಂದಳು. “ನೋಡಿದ್ರಾ ಸರ್?”

“ನೋಡ್ದೆ. ಅದು ಯಾಕೆ ಹಾಗಿದೆ ಅಂತ ಗೊತ್ತಾ ನಿನಗೆ?”

“ಆಗ ಅಸೆಂಬ್ಲರ್‌ಗೆ ಹ್ಯಾಶ್ ಮಾಡೋ ಇನ್‌ಸ್ಟ್ರಕ್ಷನ್ ಹೆಸರೇ ಗೊತ್ತಿರ್ಲಿಲ್ಲ. ಅದಕ್ಕೆ ನೀವು ಬೈಟ್‌ಗಳನ್ನ ಕೈಯಾರೆ ಬರೆದ್ರಿ. ಈಗ ಗೊತ್ತಲ್ಲ ಸರ್, ಹೆಸರು ಹೇಳಿದ್ರೆ ಸಾಕು.”

ಸರಿಯಾಗಿಯೇ ಹೇಳಿದಳು. ಸಿಟ್ಟು ಬಂದದ್ದೂ ಅದಕ್ಕೇ. ಚಿಪ್ಪೇ ಹ್ಯಾಶ್ ಮಾಡುವ ಸೌಲಭ್ಯ ಹೊಸದಾಗಿ ಬಂದಾಗ ಇಲ್ಲಿ ಅದನ್ನು ಓಡಿಸಿದವನು ನಾನೊಬ್ಬನೇ. ಕೋಡನ್ನು ಬೈಟ್‌ಗಳಾಗಿಸುವ ಅಸೆಂಬ್ಲರ್ ಮಾಡಬೇಕಾದ ಕೆಲಸ, ಒಂದೊಂದು ಬೈಟನ್ನೂ ನಾನೇ ಕೈಪಿಡಿ ನೋಡಿ ಕೂರಿಸಿದ್ದು. ‘ಮ್ಯಾಕ್ರೋ ಮಾವ’ ಎಂಬ ಹೆಸರು ಬಿದ್ದದ್ದು ಆಗಲೇ. ಬೆನ್ನ ಹಿಂದೆ ಕರೆಯುತ್ತಾರೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ತಿಂಗಳ ಕೊನೆಗೆ ನಿವೃತ್ತಿ. ಆ ಫೈಲಾದರೂ ಉಳಿಯುತ್ತದೆ ಎಂದುಕೊಂಡಿದ್ದೆ.

ಮಾರ್ಚ್ 9
ಸಿಕ್ಕಿಬಿದ್ದಳು! ಟೆಸ್ಟ್ ಎಲ್ಲ ಪಾಸ್ ಎಂದು ಬರೆದಿದ್ದಳು. ಯಾವ ಮಷೀನಿನಲ್ಲಿ? ಮೂಲೆಯ ಹಳೇ ಸರ್ವರ್. ಅದರ ಚಿಪ್ಪಿನಲ್ಲಿ ಆ ಇನ್‌ಸ್ಟ್ರಕ್ಷನ್ನೇ ಇಲ್ಲ. ಇಲ್ಲದಿದ್ದರೆ ಪ್ರೋಗ್ರಾಂ ಸದ್ದಿಲ್ಲದೆ ನಿಧಾನದ ದಾರಿ ಹಿಡಿಯುತ್ತದೆ, ಉತ್ತರವೇನೋ ಸರಿಯಾಗಿಯೇ ಬರುತ್ತದೆ. ಅವಳ ಅರವತ್ತು ಸಾಲು ಒಂದು ಸಲವೂ ಓಡಿಲ್ಲ.

ಕರೆದು ತೋರಿಸಿದೆ. ದನಿ ಏರಿತ್ತು, ಅಕ್ಕಪಕ್ಕದವರು ತಿರುಗಿ ನೋಡಿದರು. ಹುಡುಗಿಯ ಮುಖ ಸಪ್ಪಗಾಯಿತು. ಮೆಲ್ಲಗೆ ಕೇಳಿದಳು —

“ಹೊಸ ಮಷೀನ್ ಕೆಟ್ಟ ಮೇಲೆ ಎರಡು ವರ್ಷದಿಂದ ಎಲ್ಲಾ ಟೆಸ್ಟೂ ಇದ್ರಲ್ಲೇ ಅಲ್ವಾ ಸರ್? ಹಾಗಾದ್ರೆ ನಿಮ್ದೂ ಓಡಿಲ್ಲ.”

ಕುರ್ಚಿ ಎಳೆದುಕೊಂಡು ನನ್ನ ಪರದೆಯತ್ತ ತಿರುಗಿದೆ.

ಮಾರ್ಚ್ 10
ಮನೆಯಲ್ಲಿ ಹೇಳಿಕೊಂಡೆ. ಹೆಂಡತಿ ಬಟ್ಟೆ ಮಡಚುತ್ತಿದ್ದಳು.

“ರೀ, ಅವಳು ಬರೆದಿದ್ದು ತಪ್ಪಾ?”

“ಗೊತ್ತಿಲ್ಲ.”

“ಮತ್ತೆ ಯಾಕೆ ಕೂಗಾಡಿದ್ರಿ?”

ನಾನೂ ಕೂತು ಬಟ್ಟೆ ಮಡಚಿದೆ.

ಮಾರ್ಚ್ 17
ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಅವಳೂ ಕೇಳಲಿಲ್ಲ. ಕಾಫಿ ಮಷೀನಿನ ಬಳಿ ಎದುರಾದರೆ ಗೋಡೆ ನೋಡುತ್ತಾಳೆ.

ಮಾರ್ಚ್ 18, ಮಧ್ಯಾಹ್ನ
ಓಡಿಸುವುದಕ್ಕೆ ಹೊಸ ಚಿಪ್ಪು ಬೇಕು, ಹೋಲಿಸುವುದಕ್ಕೆ ಬೇಡವಲ್ಲ! ನನ್ನದನ್ನೂ ಅವಳದನ್ನೂ ಅಸೆಂಬಲ್ ಮಾಡಿ ಎರಡರ ಬೈಟ್‌ಗಳನ್ನು ಅಕ್ಕಪಕ್ಕ ಇಟ್ಟೆ. ಒಂದಾದರೂ ವ್ಯತ್ಯಾಸ ಸಿಗಲಿ ಎಂದು ಒಳಗೊಳಗೇ ಆಸೆ. ಇದನ್ನು ಯಾರು ಓದುತ್ತಾರೆ, ಇದ್ದದ್ದು ಬರೆಯುತ್ತೇನೆ.

ಇಲ್ಲ. ಒಂದು ಬೈಟೂ ಬೇರೆಯಿಲ್ಲ. ಮತ್ತೆ ಹೋಲಿಸಿದೆ. ಇಲ್ಲ.

ಮೊದಲು ಹೊಟ್ಟೆ ಉರಿಯಿತು. ಆಮೇಲೆ... ನಾನು ಕೂರಿಸಿದ್ದೆಲ್ಲ ಕೂರಿಸಿದ ಜಾಗದಲ್ಲೇ ಇದೆ. ಅವಳು ಕಿತ್ತದ್ದು ಮೇಲಿನ ಗೋಜಲನ್ನು ಮಾತ್ರ. ಇನ್ನು ಯಾರು ಬೇಕಾದರೂ ಓದಬಹುದು. ಕಣ್ಣು ತುಂಬಿ ಬಂತು. ಕನ್ನಡಕ ಒರೆಸಿಕೊಂಡೆ.

ಮಾರ್ಚ್ 19
ಅವಳ ಮೇಜಿಗೆ ನಾನೇ ಹೋದೆ. ಹೋಲಿಕೆ ತೋರಿಸಿದೆ. “ಅವತ್ತು ಕೂಗಾಡಿದ್ದು ನಂದೇ ತಪ್ಪಮ್ಮ.”

“ಪರ್ವಾಗಿಲ್ಲ ಮಾ...” ಎಂದವಳು ನಾಲಿಗೆ ಕಚ್ಚಿಕೊಂಡು “ಸರ್” ಎಂದಳು.

ಒಪ್ಪಿಗೆ ಕೊಟ್ಟೆ. ಆಗ ಕಂಡದ್ದು: ಎಲ್ಲ ತೆಗೆದಿದ್ದಾಳೆ, ‘ಮುಟ್ಟಬೇಡಿ’ ಮಾತ್ರ ಹಾಗೇ ಬಿಟ್ಟಿದ್ದಾಳೆ. ಕೇಳಿದರೆ, “ಅದು ನೀವು ಹೇಳಿದ ಮಾತು ಸರ್. ನಾನ್ ಹೇಗೆ ಅಳಿಸ್ಲಿ?”

ಮಾರ್ಚ್ 31, ಸಂಜೆ
ಮೇಜು ಖಾಲಿ. ನನ್ನ ಕೊನೆಯ ಬದಲಾವಣೆ ಒಂದೇ ಸಾಲಿನದು. ‘ಮುಟ್ಟಬೇಡಿ’ ಅಳಿಸಿದೆ. ರಿವ್ಯೂಗೆ ಅವಳಿಗೇ ಕಳಿಸಿದೆ. ಆ ಕಡೆಯಿಂದ ತಕ್ಷಣ ಉತ್ತರ: “ಯಾವ ಮಷೀನಿನಲ್ಲಿ ಟೆಸ್ಟ್ ಮಾಡಿದ್ರಿ ಮಾವ?”

ಕಳ್ಳಿ. ಇರು, ಅಲ್ಲಿಗೇ ಬಂದು —