ನುಂಗುಬಾಯಿಯ ನೀರು

ಜೂನ್ ೯

ಮತ್ತೆ ಅರಣ್ಯ ಇಲಾಖೆಯ ಬುಟ್ಟಿ ಹೊರುವ ಕೆಲಸ. ಗುಡ್ಡದ ಮೇಲೆ ಮಣ್ಣೇ ಇಲ್ಲ, ಬರೀ ಸುಣ್ಣಕಲ್ಲು. ಕೆಳಗಿನಿಂದ ಮಣ್ಣು ಹೊತ್ತು ಬಂಡೆಯ ಬಿರುಕಿಗೆ ತುಂಬಬೇಕು, ಆಮೇಲೆ ಸಸಿ. ಸೊಂಟ ಬಿದ್ದುಹೋಗಿದೆ. ಇವರಿಗೆ ನಗು. "ಮಗೂಗೆ ತುತ್ತು ಇಟ್ಟ ಹಾಗೆ ಇಡ್ತೀಯಲ್ಲೇ, ಬೇಗ ಬೇಗ ಹಾಕು." ಮೇಸ್ತ್ರಿ ಆದಾಗಿನಿಂದ ಹೆಂಡತಿಯ ಮೇಲೂ ದರ್ಬಾರು. "ಮನೆಗೆ ಬನ್ನಿ, ಅಲ್ಲಿ ಮೇಸ್ತ್ರಿ ಯಾರು ನೋಡೋಣ" ಅಂದೆ. ಕೆಲಸದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ಜೂನ್ ೨೧, ಸಂಜೆ

ಮಳೆ. ಸ್ವಲ್ಪ ಹೊತ್ತು, ಅಷ್ಟೇ. ಬೋಳು ಗುಡ್ಡದಿಂದ ನೀರು ಧುಮುಕಿ ನೇರ ನಮ್ಮ ಬೀದಿಗೆ. ದರ್ಜಿಯ ಹೊಲಿಗೆ ಮೆಷಿನ್ ಮುಳುಗಿತು. ಈಗ ಎಲ್ಲೆಲ್ಲೂ ಕೆಸರು, ಕುಡಿಯಲು ಮಾತ್ರ ಮತ್ತೆ ಟ್ಯಾಂಕರ್. ಬೀದಿ ಕೆಳಗಿನ ಒರತೆ ಬತ್ತಿ ಎಷ್ಟು ಕಾಲವಾಯಿತೋ.

ಹಿಂದೆ ಗುಡ್ಡದ ನೀರನ್ನೆಲ್ಲ ನುಂಗುಬಾಯಿ ಕುಡಿಯುತ್ತಿತ್ತು — ಬಂಡೆಗಳ ನಡುವಿನ ಆ ಆಳದ ಗುಂಡಿ. ಒಳಗೊಳಗೇ ಹರಿದು ಎಲ್ಲೋ ಮೇಲೇಳುತ್ತಿತ್ತಂತೆ. ಮುಚ್ಚಿದ್ದೇ ತಪ್ಪು ಅಂತ ರೇಂಜರ್ ಸಾಹೇಬರು ಇವತ್ತು ಹೇಳಿದರು. ಮುಚ್ಚಿಸಿದ್ದು ಯಾರು? ನಮ್ಮ ಅತ್ತೆ! ಅವರ ಮೇಕೆ ಅದರಲ್ಲಿ ಬಿದ್ದು ಸತ್ತಿತು. ಬೀದಿಯವರನ್ನೆಲ್ಲ ಸೇರಿಸಿ ಬಾಯಿಗೆ ಬಂಡೆ ಉರುಳಿಸಿಬಿಟ್ಟರು. ಉರುಳಿಸಿದವರಲ್ಲಿ ಇವರೂ ಇದ್ದರು.

"ಅಮ್ಮನ ಮೇಕೆಗೋಸ್ಕರ ಮುಚ್ಚಿದ್ದು ನಾನು. ನಾನೇ ತೆಗೀತೀನಿ ಬಿಡಿ" ಅಂದರಂತೆ ಸಾಹೇಬರಿಗೆ. ಕೇಳಿ ಅತ್ತೆ ಮುಖ ಊದಿಸಿಕೊಂಡರು.

ಜೂನ್ ೨೭, ಮಧ್ಯಾಹ್ನ

ಇವರು ನುಂಗುಬಾಯಿಯ ಬಂಡೆಗಳನ್ನು ಹಾರೆ ಹಾಕಿ ಮೀಟುತ್ತಿದ್ದಾರೆ. ಇನ್ನು ಒಂದೆರಡು ಬಂಡೆಯಷ್ಟೇ. ಮೋಡ ಕಪ್ಪಗಿದೆ. "ನಾಳೆ ನೋಡಿದ್ರಾಯ್ತು" ಅಂದೆ. "ಇನ್ನೊಂದು ಮಳೆ ಬಂದ್ರೆ ದರ್ಜಿ ಗತಿ ಏನೇ?" ಅಂತ ಹೊರಟೇಬಿಟ್ಟರು. ನೀಲಿ ಅಂಗಿಯ ಬಟನ್ ಕಿತ್ತುಹೋಗಿದೆ ಅಂತ ಹಳೆಯದು ಹಾಕಿಕೊಂಡು ಹೋದರು. ಬರುವಷ್ಟರಲ್ಲಿ ಹೊಲಿದಿಡಬೇಕು.

ಜುಲೈ ೧೫

ಬರೆಯಬಾರದು ಅಂದುಕೊಂಡಿದ್ದೆ...

ಕೊನೆಯ ಬಂಡೆ ಅಲುಗಾಡುವ ಹೊತ್ತಿಗೆ ಮೇಲಿನಿಂದ ನೀರು ಬಂತಂತೆ. ಬಂಡೆಯ ಜೊತೆ ಇವರೂ ಒಳಗೆ. ಜನ ಹಗ್ಗ ಕಟ್ಟಿಕೊಂಡು ಇಳಿದರು, ಹುಡುಕಿದರು. ಕೆಳಗೆ ದಾರಿ ಕಿರಿದು, ಮನುಷ್ಯ ನುಗ್ಗಲಾಗದು. ಸಿಗಲಿಲ್ಲ.

ಬಾಯಿ ತೆರೆದಿತ್ತಲ್ಲ, ಅವತ್ತು ಬೀದಿಗೆ ಒಂದು ಹನಿ ನೀರು ಬರಲಿಲ್ಲ. ದರ್ಜಿ ನಮ್ಮ ಬಾಗಿಲಲ್ಲಿ ನಿಂತು ಅತ್ತು ಹೋದ.

ಅತ್ತೆ ಅಳಲಿಲ್ಲ. "ನನ್ನ ಕಣ್ಣಿಗೆ ತೋರಿಸಿ, ಆಮೇಲೆ ಅಳ್ತೀನಿ. ಎಲ್ಲೋ ಹೊರಗೆ ಬಂದಿರ್ತಾನೆ, ದಾರಿ ತಪ್ಪಿರ್ತಾನೆ." ನೀಲಿ ಅಂಗಿಯನ್ನು ವಾರವಾರವೂ ಒಗೆದು ಗೂಟಕ್ಕೆ ಹಾಕುತ್ತಾರೆ. ಬಟನ್ ಹಾಕಲು ನನಗೆ ಕೈ ಬರುತ್ತಿಲ್ಲ.

ಆಗಸ್ಟ್ ೩

ಕೆಲಸಕ್ಕೆ ಹೋದೆ. ನುಂಗುಬಾಯಿಯ ಸುತ್ತ ಸಸಿ ಇಡುವವರು ಯಾರು ಅಂದಾಗ ಎಲ್ಲರೂ ನೆಲ ನೋಡಿದರು. ನಾನೇ ಇಟ್ಟೆ. ಸಿಟ್ಟು ಉಕ್ಕಿ ಬರುತ್ತಿತ್ತು — ಗುಡ್ಡದ ಮೇಲೆ, ಅತ್ತೆಯ ಮೇಲೆ, ಎಂದೋ ಸತ್ತ ಆ ಮೇಕೆಯ ಮೇಲೂ. ಸಸಿಯನ್ನು ಮಾತ್ರ ಮೆಲ್ಲಗೆ ಇಟ್ಟೆ, ತುತ್ತು ಇಟ್ಟ ಹಾಗೆ. ಬೇಗ ಹಾಕು ಅನ್ನುವವರಿಲ್ಲ.

ಸೆಪ್ಟೆಂಬರ್ ೧೮

ಪೆಟ್ಟಿಗೆಯ ತಳದಲ್ಲಿ ಈ ಪುಸ್ತಕ ಸಿಕ್ಕಿತು. ಆರು ವರ್ಷ ಒಂದಕ್ಷರವಿಲ್ಲ.

ಸಸಿಗಳು ಈಗ ನನಗಿಂತ ಎತ್ತರ. ಬೇರು ಬಿರುಕಿಗಿಳಿದಿದೆ, ಬುಡದಲ್ಲಿ ತರಗೆಲೆ ಕೊಳೆತು ಮಣ್ಣಾಗುತ್ತಿದೆ. ಮಳೆ ನೀರು ಧುಮುಕುವುದಿಲ್ಲ, ಇಂಗುತ್ತದೆ. ಬಾಯಿ ತೆರೆದ ಮಾತ್ರಕ್ಕೆ ಒರತೆ ಬರಲಿಲ್ಲ, ಮರಗಳಿಗಾಗಿ ಕಾಯಬೇಕಾಯಿತು. ಹೋದ ವಾರ ಬಂತು! ಬೀದಿಗೆ ಬೀದಿಯೇ ಓಡಿತು. ನಾನು ಹೋಗಲಿಲ್ಲ.

ಈಗಿನ ರೇಂಜರ್ ಮೇಡಂ ನಾಳೆ ನುಂಗುಬಾಯಿಗೆ ಹಸಿರು ಬಣ್ಣ ಸುರಿಸುತ್ತಾರಂತೆ. ಒರತೆಯಲ್ಲಿ ಹಸಿರು ಕಂಡರೆ ಎರಡಕ್ಕೂ ಒಂದೇ ದಾರಿ ಅಂತ ಲೆಕ್ಕ. ಅತ್ತೆ ಕೇಳಿಸಿಕೊಂಡರು. ಹಸಿರು ಬಾರದೇ ಇರಲಿ ದೇವರೇ. ಬಂದರೆ ಅತ್ತೆ ಇನ್ನು ಯಾರ ದಾರಿ ಕಾಯಬೇಕು?

ಸೆಪ್ಟೆಂಬರ್ ೨೧

ಬಣ್ಣ ಹಾಕಿದಾಗಿನಿಂದ ಅತ್ತೆ ಒರತೆಯ ಮುಂದೆಯೇ ಕೂತಿದ್ದರು. ಊಟವನ್ನೂ ಅಲ್ಲಿಗೇ ಒಯ್ದು ಕೊಟ್ಟೆ. ಮುಟ್ಟಲಿಲ್ಲ.

ಇವತ್ತು ಬೆಳಿಗ್ಗೆ ಬಂತು. ಹಸಿರು. ಮೇಡಂ ಚಪ್ಪಾಳೆ ತಟ್ಟಿದರು. ಯಾರೋ ಕಿವಿಯಲ್ಲಿ ಏನೋ ಹೇಳಿದ ಮೇಲೆ ಅವರ ಕೈ ಹಾಗೇ ನಿಂತಿತು.

ಅತ್ತೆ ನೀರಿನಲ್ಲಿ ಕೈಯಿಟ್ಟರು. "ಇಲ್ಲೇ ಇದ್ದಾನಲ್ಲೇ... ಇಷ್ಟು ಹತ್ತಿರ. ನಾನು ರಸ್ತೆ ಕಡೆ ನೋಡ್ತಾ ಕೂತಿದ್ದೆ." ಆಮೇಲೆ ಅತ್ತರು, ಇಷ್ಟು ವರ್ಷದ್ದೂ ಸೇರಿಸಿ. "ಮೇಕೆ ಹೋದ್ರೆ ಹೋಗ್ಲಿ ಅನ್ಬೇಕಿತ್ತು ಕಣೇ. ಅನ್ನಲಿಲ್ಲ ನಾನು." ಅವರಿಗೆ ಅನ್ನಬೇಕೆಂದು ಕೂಡಿಟ್ಟುಕೊಂಡ ಮಾತು ನನ್ನಲ್ಲಿ ಬೇಕಾದಷ್ಟಿತ್ತು. ಎಲ್ಲ ಬಿಟ್ಟು ಅವರನ್ನು ಹಿಡಿದುಕೊಂಡು ಕೂತೆ.

ಅಕ್ಟೋಬರ್ ೨, ಸಂಜೆ

ನೀರು ತಿಳಿಯಾಯಿತು, ಪರೀಕ್ಷೆಯೂ ಆಯಿತು, ಕುಡಿಯಬಹುದು ಅಂದರು. ಒರತೆಯ ಮುಂದೆ ಕೊಡಗಳ ಸಾಲು. ಆದರೆ ಯಾರೂ ತುಂಬಿಸಿರಲಿಲ್ಲ — ನಮಗಾಗಿ ಕಾಯುತ್ತಿದ್ದರು. ದರ್ಜಿ ಅತ್ತೆಯ ಕೈಯಿಂದ ಕೊಡ ಇಸಿದುಕೊಂಡು ತುಂಬಿಸಿ, ಮನೆವರೆಗೂ ಹೊತ್ತು ತಂದ.

ಅತ್ತೆ ಆ ನೀರಿನಲ್ಲಿ ನೀಲಿ ಅಂಗಿ ಒಗೆದರು. ಒಣಗಿದ ಮೇಲೆ ಗೂಟಕ್ಕೆ ಹಾಕಲಿಲ್ಲ. ನನ್ನ ಕೈಗಿಟ್ಟರು. "ಬಟನ್ ಹಾಕಿ ಪೆಟ್ಟಿಗೇಲಿಡು." ಹಾಕಿದೆ. ದಾರ ಪೋಣಿಸಲು ಬಹಳ ಹೊತ್ತು ಹಿಡಿಯಿತು, ಕಣ್ಣು ಮಂಜು.

ಅತ್ತೆ ನನ್ನ ಮುಂದೆ ಒಂದು ಲೋಟ ನೀರಿಟ್ಟು ಹೋಗಿದ್ದಾರೆ. "ಕುಡಿಯೇ. ಮಣ್ಣು ಹೊತ್ತವಳು ನೀನು." ಅವರು ಕುಡಿದಾಯಿತು. ನನಗೆ ಇನ್ನೂ ಮನಸ್ಸು ಬಂದಿಲ್ಲ.

ತಣ್ಣಗಿದೆ ಲೋಟ. ಇಷ್ಟು ತಿಳಿ ನೀರು ಈ ಮನೆಗೆ ಬಂದೇ ಇರಲಿಲ್ಲ. ಇವರಿದ್ದಿದ್ದರೆ ಮೊದಲ ಲೋಟ ನನ್ನ ಕೈಯಿಂದ ಕಸಿದುಕೊಂಡು ಕುಡಿದುಬಿಡುತ್ತಿದ್ದರು. ಈಗ ನಾನೇ ಕುಡಿಯಬೇಕು.