ಬೀಗ ಹಾಕಿದ ಕತ್ತರಿ

ಮಂಗಳವಾರ, ನವೆಂಬರ್ ೧೧

ಕತ್ತರಿಯದ್ದೇ ಯೋಚನೆ. ಬೆಳಗಿನಿಂದ ತಲೆ ಕೊರೆಯುತ್ತಿದೆ.

ಮೈಸೂರಿನಲ್ಲಿ ಮನಸ್ಸಿನ ಕಾಯಿಲೆಗೆ ಅಡ್ಮಿಟ್ ಆಗಿ ಬಂದ ಮೇಲೆ ಇವತ್ತೇ ಮೊದಲು ಟೈಲರ್ ಅಂಗಡಿಗೆ ಹೋದದ್ದು, ಅದೂ ಮಧ್ಯಾಹ್ನದವರೆಗೆ ಮಾತ್ರ. ಮಳವಳ್ಳಿಯ ಅರ್ಧ ಹೆಂಗಸರ ಬ್ಲೌಸ್ ಕತ್ತರಿಸಿದವಳು ನಾನು. ಅಂಗಡಿಯ ತಾಹೇರಾ ಅಕ್ಕ ಕಿಟಕಿ ಪಕ್ಕ ಕೂರಿಸಿ ಹುಕ್ಕು ಹಾಕಲು ಕೊಟ್ಟರು. ಮೇಜಿನ ಮೇಲೆ ಟೇಪು, ಸೀಮೆಸುಣ್ಣ ಇದ್ದವು, ಕತ್ತರಿ ಇರಲಿಲ್ಲ. ಕೇಳಿದೆ.

“ಅದ್ಯಾಕಮ್ಮ ಈಗ? ಕಟಿಂಗ್ ನಾನ್ ನೋಡ್ಕೋತೀನಿ ಬುಡು,” ಅಂದರು, ಮುಖ ನೋಡದೆ. ಬೇಕಾದಾಗ ಮೇಜಿನ ಡ್ರಾಯರಿನ ಬೀಗ ತೆಗೆದು ಕತ್ತರಿಸಿ, ಮತ್ತೆ ಬೀಗ ಹಾಕುತ್ತಿದ್ದರು. ನಾನು ನೂಲನ್ನು ಹಲ್ಲಲ್ಲೇ ಕಡಿದೆ. ಕೋಪ ಮಾಡಿಕೊಳ್ಳೋಣ ಅಂದರೆ, ವಾಪಸು ಬಾ ಅಂತ ಕರೆದವರು ಅವರೊಬ್ಬರೇ.

ಮನೆಗೆ ಬಂದರೆ ಅತ್ತೆ ಅವರೆಕಾಯಿ ತುಂಬಿದ ಮೊರ ಮುಂದಿಟ್ಟರು. “ಇದ ಸುಲಿ ಕಣವ್ವ, ಬದ್ನೆಕಾಯ ನಾನಾಗ್ಲೇ ಎಚ್ಚಿಟ್ಟಿವ್ನಿ.” ಆಸ್ಪತ್ರೆಯಿಂದ ಬಂದಾಗಿನಿಂದ ದಿನವೂ ಹೀಗೆ, ತರಕಾರಿ ಹೆಚ್ಚಿಟ್ಟೇ ಇರುತ್ತದೆ. ಅಕ್ಕರೆ ಅಂದುಕೊಂಡಿದ್ದೆ.

ಈಗ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ನೋಡಿದೆ. ಬೇಕಾಗಿರಲಿಲ್ಲ, ಇದೆಯಾ ಅಂತ ನೋಡಬೇಕಿತ್ತು, ಅಷ್ಟೆ. ಈಳಿಗೆಮಣೆ ಇಲ್ಲ. ಚಾಕುವೂ ಇಲ್ಲ.

ಬೆಳಿಗ್ಗೆ ಜಗಳ ಆಡಬೇಕು. ನಾನೀಗ ಸರಿಯಾಗಿದ್ದೀನಿ, ಎಲ್ಲ ಇದ್ದ ಜಾಗದಲ್ಲೇ ಇಡಿ ಅನ್ನಬೇಕು. ಆದರೆ ಅತ್ತೆ ನನ್ನ ಮುಖ ನೋಡಿ “ದಿಟವೇನವ್ವ?” ಅಂತ ಕೇಳಿಬಿಟ್ಟರೆ, ಹೂಂ ಅನ್ನಲು ನನಗೆ ಬಾಯಿ ಬರುತ್ತದೋ ಇಲ್ಲವೋ.