ಒಂದು ಹನಿಯೂ ಸೋರದ ಕಾಲುವೆ

ಮಾನ್ಯ ಕಾಲುವೆ ಎಂಜಿನಿಯರರೇ,

“ಕಾಲುವೆಯ ಕಾಂಕ್ರೀಟಿಗೆ ಉಳಿ ಹಾಕಿದ್ದೇಕೆ? ಏಳು ದಿನದೊಳಗೆ ಸಮಜಾಯಿಷಿ ಕೊಡಿ” ಎಂದು ನೋಟಿಸು ಕಳಿಸಿದ್ದೀರಿ. ಕೊಡುತ್ತಿದ್ದೇನೆ. ತಾವು ಸೋರಿಕೆ ಎಂದು ಮುಚ್ಚಿಸಿದ್ದು ಹನ್ನೊಂದು ಬಾವಿಗಳ ಸೆಲೆ, ಸ್ವಾಮಿ. ಮುಚ್ಚಿದ ಕೈ ನನ್ನದು. ತಮ್ಮ ಕಚೇರಿಯಲ್ಲಿ ಕಾಗದಗಳು ಕಾಲು ಬಂದು ನಡೆದುಹೋಗುವುದರಿಂದ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಗಾರೆ ಮೇಸ್ತ್ರಿ. ಮೂವತ್ತೊಂದು ವರ್ಷದಲ್ಲಿ ತೊಟ್ಟಿ, ಟ್ಯಾಂಕು, ಬಚ್ಚಲು, ಏನೆಲ್ಲ ಕಟ್ಟಿದ್ದೇನೆ. ಸೋರಿತು ಎಂದು ಒಬ್ಬರೂ ನನ್ನ ಬಾಗಿಲು ತಟ್ಟಿಲ್ಲ. ಕಳೆದ ವರ್ಷ ನಮ್ಮ ಮಣ್ಣಿನ ಕಾಲುವೆಗೆ ಕಾಂಕ್ರೀಟು ಹೊದಿಸುವ ಕೆಲಸ ಬಂತು. ಇಷ್ಟು ದೊಡ್ಡ ದೇಶದ ಹೊಲಗಳಿಗೆಲ್ಲ ನೀರು ಮುಟ್ಟಬೇಕಾದರೆ ದಾರಿಯಲ್ಲಿ ಇಂಗಿಹೋಗುವುದನ್ನು ನಿಲ್ಲಿಸಬೇಕು ಎಂದು ತಾವು ಭಾಷಣ ಮಾಡಿದಿರಿ. ನಾನೂ ಚಪ್ಪಾಳೆ ತಟ್ಟಿದೆ. ಸಂದುಸಂದಿಗೂ ಬೆರಳಾಡಿಸಿ ಕೆಲಸ ಮುಗಿಸಿದೆ. ತಾವು ಕೊಟ್ಟ ಪ್ರಶಂಸಾಪತ್ರಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ನೋಟಿಸಿನಲ್ಲೂ ಅದೇ ಸಹಿ ಇದೆ. ಅಕ್ಷರ ಮುದ್ದಾಗಿದೆ.

ಕಾಲುವೆಯ ದಂಡೆಗೆ ಅಂಟಿಕೊಂಡೇ ನನ್ನ ಅಕ್ಕನ ತರಕಾರಿ ತೋಟ. ಅವಳ ಬಾವಿ ಎಂದೂ ಬತ್ತಿದ್ದಿಲ್ಲ. ಆ ನೀರು ಎಲ್ಲಿಂದ ಬರುತ್ತದೆ ಎಂದು ನಾವ್ಯಾರೂ ಕೇಳಿರಲಿಲ್ಲ. ಕಾಂಕ್ರೀಟು ಬಿದ್ದ ಮೇಲೆ ನೀರು ಇಳಿಯಿತು. ಅಕ್ಕ ಮೋಟಾರಿನ ಪೈಪಿಗೆ ಎರಡು ಸಲ ಪೈಪು ಜೋಡಿಸಿದಳು. ಮೂರನೆಯ ಸಲ ಮೋಟಾರು ಬರೀ ಗಾಳಿ ಎಳೆಯಿತು. ದಂಡೆಯ ಉಳಿದ ಹತ್ತು ಬಾವಿಗಳೂ ಹೀಗೇ ಬತ್ತಿದವು. ನಾನೇ ಬಾವಿಗಿಳಿದು ನೋಡಿದೆ. ಕಾಲುವೆಯ ಕಡೆಯ ಗೋಡೆಯಲ್ಲಿ ಸೆಲೆಯ ಕಂಡಿಗಳು ಒಣಗಿ ಬಾಯಿಬಿಟ್ಟಿದ್ದವು. ಉಳಿದ ಮೂರು ಕಡೆ ಸೆಲೆ ಇದ್ದ ಗುರುತೇ ಇಲ್ಲ. ಮೇಲೆ ಹತ್ತಿ ಬಂದಾಗ ಅಕ್ಕ ಬೈಯಲಿಲ್ಲ.

“ನಿನ್ನ ಕೆಲಸ ಚೆನ್ನಾಗೇ ಇದೆ ಕಣಪ್ಪಾ. ಒಂದು ಹನೀನೂ ಬಿಟ್ಟಿಲ್ಲ,” ಅಂದಳು.

ಬೈದಿದ್ದರೆ ಅವತ್ತು ಊಟವಾದರೂ ಸೇರುತ್ತಿತ್ತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ನನಗಾಗಿಯೇ ಹುಟ್ಟಿರಬೇಕು.

ಇಬ್ಬರೂ ತಮ್ಮ ಕಚೇರಿಗೆ ಬಂದೆವು. ತಮ್ಮ ಸಹಾಯಕರು ಕೂತಲ್ಲೇ ಪರಿಹಾರ ಕೊಟ್ಟರು: “ಹನಿ ನೀರಾವರಿ ಹಾಕಿಸ್ಕೊಳ್ಳಿ ಅಮ್ಮಾ, ಕಮ್ಮಿ ನೀರು ಸಾಕು.”

“ಹಾಕಿಸ್ಕೋತೀನಿ ಸಾರ್. ಆ ಹನಿ ಎಲ್ಲಿಂದ ತರ್ಲಿ?”

ಅವರು ನಕ್ಷೆ ಬಿಡಿಸಿದರು. ಅಕ್ಕನ ಜಮೀನಿನಲ್ಲಿ ಬಾವಿ ಇದೆಯಂತೆ, ಆದ್ದರಿಂದ ಕಾಲುವೆಯ ನೀರು ಕೊಡುವಂತಿಲ್ಲವಂತೆ. ಬಾವಿ ಬತ್ತಿದೆ ಎಂದರೆ, ನಕ್ಷೆಯಲ್ಲಿ ಹಾಗಿಲ್ಲವಂತೆ! ನಕ್ಷೆಯಿಂದ ಒಂದು ಕೊಡ ಸೇದಿಕೊಡಿ ಎಂದು ಕೇಳಬೇಕಿತ್ತು, ಆಗ ಹೊಳೆಯಲಿಲ್ಲ.

ಕಾಲುವೆಯ ಕೊನೆಯ ಊರುಗಳಿಗೆ ಈಗ ನೀರು ಮುಟ್ಟುತ್ತಿದೆ, ನಿಜ. ಅವರು ಬೆಳೆದು ಉಣ್ಣಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಇಂಗಿದ ನೀರೆಲ್ಲ ಹಾಳಾಯಿತು ಎಂದು ತಮಗೆ ಹೇಳಿದವರು ಯಾರು? ಮಣ್ಣಿನೊಳಗೆ ನಡೆದು ಬಾವಿ ಸೇರಿ ಬದನೆಗಿಡ ಸಾಕಿದ್ದು ನೀರಾವರಿಯಲ್ಲವೇ? ಕಾಂಕ್ರೀಟು ಹಾಕುವ ಮೊದಲು ದಂಡೆಯ ಬಾವಿಗಳಲ್ಲಿ ಒಮ್ಮೆ ಬಗ್ಗಿ ನೋಡಿದ್ದರೆ ತಮ್ಮ ಕತ್ತು ಉಳುಕುತ್ತಿತ್ತೇ? ನಾನೂ ನೋಡಲಿಲ್ಲ. ಆ ಪಾಪದಲ್ಲಿ ಅರ್ಧ ನನ್ನದು.

ಕಳೆದ ಸೋಮವಾರ ಮಟಮಟ ಮಧ್ಯಾಹ್ನ, ಒಣಗಿದ್ದ ಕಾಲುವೆಗೆ ಇಳಿದು, ಅಕ್ಕನ ಬಾವಿಯ ನೇರಕ್ಕೆ ಉಳಿ ಇಟ್ಟು ಹೊಡೆದೆ. ಮೂರು ಏಟಿಗೆ ಎದ್ದದ್ದು ಉಗುರಿನಷ್ಟು ಚೂರು. ಕಾವಲುಗಾರ ಓಡಿಬಂದ. “ಅಯ್ಯೋ ಮೇಸ್ತ್ರೀ, ನಿಮ್ಮ ಕೆಲಸಾನ ನೀವೇ ಒಡೀತಿದೀರಲ್ಲಾ! ತಲೆ ನೆಟ್ಟಗಿದೆಯಾ?” ನೆಟ್ಟಗಿರಲಿಲ್ಲ. ಚೂರು ಅಷ್ಟು ಚಿಕ್ಕದಿದ್ದದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಆಯಿತು. ನಾಚಿಕೆಗೇಡು, ಆದರೂ ಹೇಳಿಬಿಡುತ್ತೇನೆ.

ಬರುವ ಒಂದನೇ ತಾರೀಖು ಕಾಲುವೆಗೆ ನೀರು ಬಿಡುತ್ತೀರಿ. ಅಕ್ಕನ ಸಸಿಮಡಿಯಲ್ಲಿ ಬದನೆ ಗೇಣುದ್ದ ಎದ್ದಿದೆ. ದೂರದ ನಲ್ಲಿಯಿಂದ ಕೊಡ ಹೊತ್ತು ಉಳಿಸಿಕೊಂಡಿದ್ದಾಳೆ. ಈ ಸಲ ನಾಟಿ ತಪ್ಪಿದರೆ ತೋಟ ಬಿಡುತ್ತೇನೆ ಎಂದಿದ್ದಾಳೆ, ಅವಳು ಸುಮ್ಮನೆ ಮಾತಾಡುವವಳಲ್ಲ. ಆದ್ದರಿಂದ ನೀರು ಬಿಡುವ ಮೊದಲು, ಪ್ರತಿ ಬಾವಿಯ ನೇರಕ್ಕೆ ಎರಡು ಚಾಪೆಯಗಲ ತಳದ ಕಾಂಕ್ರೀಟು ತೆಗೆಯಲು ಅಪ್ಪಣೆ ಕೊಡಿ. ಕೂಲಿ ಬೇಡ, ಉಳಿ ನನ್ನದೇ. ಶಿಕ್ಷೆ ಕೊಡುವುದಿದ್ದರೆ ಆಮೇಲೆ ಕೊಡಿ. ಪ್ರಶಂಸಾಪತ್ರವನ್ನು ಗಾಜಿನ ಸಮೇತ ತಂದೊಪ್ಪಿಸುತ್ತೇನೆ. ಕಾಂಕ್ರೀಟು ಎಲ್ಲಿ ತೆಳ್ಳಗಿದೆ ಎಂದು ಹುಡುಕಲು ಯಾರನ್ನೂ ಕಳಿಸಬೇಡಿ, ಎಲ್ಲೂ ತೆಳ್ಳಗಿಲ್ಲ. ಒಂದು ಬಾವಿಗೆ ನನಗೆ ಒಂದು ದಿನ ಬೇಕು. ಬಾವಿಗಳು ಹನ್ನೊಂದು. ಒಂದನೇ ತಾರೀಖಿಗೆ ಉಳಿದಿರುವುದು ಹನ್ನೆರಡು ದಿನ.

ಇಂತಿ,
ತಮ್ಮ ಮೆಚ್ಚುಗೆಗೂ ನೋಟಿಸಿಗೂ ಒಂದೇ ಕೆಲಸದಿಂದ ಪಾತ್ರನಾದ
ಗಾರೆ ಮೇಸ್ತ್ರಿ